ಲ್ಯಾಟಿನ್ ತಲೆ, ಗ್ರೀಕ್ ಬಾಲ, ನಮ್ಮೂರ ಹಲ್ಲು

ನಮ್ಮ ಮನೆಗೆ ಲ್ಯಾಟಿನ್ ಭಾಷೆ ಬಂದದ್ದು ಕೊಪ್ಪಳದಿಂದ ಕುಷ್ಟಗಿಗೆ ಬರುವ ಕೆಂಪು ಬಸ್ಸಿನಲ್ಲಿ. ಅದಕ್ಕೆ ಯಾರೂ ಟಿಕೀಟು ತೆಗೆಸಿರಲಿಲ್ಲ. ನನ್ನ ತಂಗಿ ಅದನ್ನು ಬಾಯಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಬಸ್ಸು ಗುಂಡಿಗೆ ಇಳಿದಾಗ ಉಚ್ಚಾರ ಎಲ್ಲಿ ಬಿದ್ದುಹೋಗುತ್ತದೋ ಎಂಬ ಭಯಕ್ಕೆ, "ಫ್ಲೋರೋಸಿಸ್, ಫ್ಲೋರೋಸಿಸ್" ಎಂದು ಜಪ ಮಾಡುತ್ತಿದ್ದಳು. ಎದುರಿನ ಸೀಟಿನಲ್ಲಿ ಕೋಳಿಬುಟ್ಟಿ ಹಿಡಿದು ಕೂತಿದ್ದ ಮುದುಕಿ ಬಹಳ ಹೊತ್ತು ಕೇಳಿ ಕೇಳಿ ತಡೆಯಲಾರದೆ, "ಯಾವ ದೇವರವ್ವಾ ಅದು? ನಾ ಕೇಳಿದ್ದಿಲ್ಲ," ಎಂದಳು.

"ಹಲ್ಲಿನ ದೇವರು ಆಯಿ," ಎಂದಳು ತಂಗಿ.

ಮುದುಕಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಭಕ್ತಿಯಿಂದ ಕೈ ಮುಗಿದಳು. ಆಕೆಯ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಆ ದೇವರಿಂದ ಆಕೆಗೆ ಇನ್ನು ಯಾವ ತೊಂದರೆಯೂ ಆಗುವಂತಿರಲಿಲ್ಲ.

ಆಗ ನಮ್ಮದಿನ್ನೂ ರಾಯಚೂರು ಜಿಲ್ಲೆ. ಎಂಬತ್ತರ ದಶಕ ಅರ್ಧ ಸರಿದಿತ್ತು. ನಾನು ಕುಷ್ಟಗಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನಮ್ಮೂರು ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವೆ, ಎರಡೂ ತನ್ನದಲ್ಲವೆಂದು ಕೈಬಿಟ್ಟ ಒಣ ದಿಬ್ಬದ ಮೇಲೆ ಇತ್ತು. ತಂಗಿ ಅಲ್ಲೇ ಅಪ್ಪ ಅವ್ವನ ಹತ್ತಿರ ಇದ್ದಳು. ಮದುವೆಯ ವಯಸ್ಸು. ರೂಪಕ್ಕೆ ಹೆಸರಿಡುವಂತಿರಲಿಲ್ಲ. ಎತ್ತು ಹೂಡುವುದರಿಂದ ಹಿಡಿದು ರೊಟ್ಟಿ ಬಡಿಯುವ ತನಕ ಎಲ್ಲ ಕೆಲಸ ಬರುತ್ತಿತ್ತು. ಆದರೆ ಬಾಯಿ ತೆರೆದರೆ ಹಲ್ಲುಗಳು ಕಂದು. ಮೇಲಿನ ಸಾಲಿನಲ್ಲಿ ಅಡ್ಡಡ್ಡ ಪಟ್ಟೆ. ಅಲ್ಲಲ್ಲಿ ಇಲಿ ಕಡಿದ ಹಾಗೆ ಸಣ್ಣ ಕುಳಿ. ಅವಳ ಓರಗೆಯ ಊರಿನ ಹುಡುಗ ಹುಡುಗಿಯರಿಗೆಲ್ಲ ಹೀಗೇ ಇತ್ತು. ಎಲ್ಲರಿಗೂ ಇದ್ದದ್ದರಿಂದ ಊರಿನಲ್ಲಿ ಅದನ್ನು ಯಾರೂ ಕಂಡಿರಲಿಲ್ಲ.

ಕಂಡವರು ಹೊರಗಿನವರು. ಕನಕಗಿರಿ ಕಡೆಯಿಂದ ಕನ್ಯಾ ನೋಡಲು ಬಂದವರು. ಹುಡುಗ, ಅವನ ಅಪ್ಪ, ಜೊತೆಗೊಬ್ಬ ಸೋದರತ್ತೆ. ಆ ಸೋದರತ್ತೆ ನಮ್ಮ ಪಡಸಾಲೆಯಲ್ಲಿ ಕಾಲು ಮಡಿಸಿ ಕೂತ ರೀತಿಯಲ್ಲಿಯೇ, ಎತ್ತಿನ ಸಂತೆಯ ಅನುಭವ ಅವರಿಗೆ ಇದೆ ಎಂದು ತಿಳಿಯುತ್ತಿತ್ತು. ತಂಗಿ ಮಂಡಕ್ಕಿ ಒಗ್ಗರಣೆ ತಂದಿಟ್ಟಳು. ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದಿದ್ದಳು.

"ಸೆರಗ ತಗಿಯವ್ವಾ. ನಾವೇನ ಹುಲಿ ಅಲ್ಲ. ಒಂದೀಟು ನಗು ನೋಡೂಣು," ಎಂದರು ಸೋದರತ್ತೆ.

ತಂಗಿ ನಗಲಿಲ್ಲ. ಆದರೆ ಹೆಸರು ಹೇಳಲು ಬಾಯಿ ತೆರೆಯಲೇಬೇಕಾಯಿತು. ಸೋದರತ್ತೆ ಮುಂದಕ್ಕೆ ಬಾಗಿ ನೋಡಿ, ಹಿಂದಕ್ಕೆ ಸರಿದು, ತೀರ್ಪು ಕೊಟ್ಟರು:

"ಮಿಶ್ರಿ ಹಚ್ಚತಾಳ."

ಮಿಶ್ರಿ ಎಂದರೆ ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ, ಹಲ್ಲಿಗೆ ತಿಕ್ಕುವುದು. ನಮ್ಮ ಕಡೆ ಅದು ವಯಸ್ಸಾದ ಹೆಂಗಸರ ಚಟ. ಮದುವೆಯಾಗದ ಹುಡುಗಿ ಹಚ್ಚುತ್ತಾಳೆ ಎಂದರೆ ಅವಳಿಗೆ ಇನ್ನೂ ಏನೇನು ಚಟಗಳಿರಬಹುದೆಂದು ಕೇಳಿದವರು ತಾವೇ ತುಂಬಿಕೊಳ್ಳುತ್ತಿದ್ದರು. ಅಪ್ಪ ಎದ್ದು ನಿಂತ.

"ನನ್ನ ಮಗಳು ಇದ್ದಲಿ, ಉಪ್ಪು ಬಿಟ್ಟು ಬ್ಯಾರೆ ಏನೂ ಹಲ್ಲಿಗೆ ಹಚ್ಚಿಲ್ಲ ನೋಡ್ರಿ."

"ಹಂಗಾದ್ರ ಇವ್ರ ಹಲ್ಲು ಹೆಂಗ ಬೆಳ್ಳಗದಾವ್ರಿ?" ಎಂದು ಸೋದರತ್ತೆ ನನ್ನ ಕಡೆ ಗದ್ದ ತಿರುಗಿಸಿದರು. "ಒಂದ ಮನಿ, ಒಂದ ಅನ್ನ, ಒಂದ ನೀರು. ಅಣ್ಣನ ಹಲ್ಲು ಮಲ್ಲಿಗಿ, ತಂಗಿ ಹಲ್ಲು ಇಟ್ಟಂಗಿ. ಏನರ ಚಟಾ ಇಲ್ದ ಹಿಂಗ ಆಕ್ಕಾವೇನು?"

ಪಡಸಾಲೆಯಲ್ಲಿದ್ದವರೆಲ್ಲ ನನ್ನ ಬಾಯಿ ನೋಡಿದರು. ಅಪ್ಪನೂ ನೋಡಿದ. ನಾನು ಬಾಯಿ ಮುಚ್ಚಿಕೊಂಡೆ. ಅಷ್ಟು ಹೊತ್ತಿಗೆ ನನ್ನ ಹಲ್ಲುಗಳು ತಂಗಿಯ ವಿರುದ್ಧ ಸಾಕ್ಷಿ ನುಡಿದು ಮುಗಿಸಿದ್ದವು.

ಬಂದವರು ಮಂಡಕ್ಕಿ ಪೂರ್ತಿ ತಿಂದು, ತಿಳಿಸುತ್ತೇವೆಂದು ಹೇಳಿ ಹೋದರು. ನಮಗೇನೂ ತಿಳಿಸಲಿಲ್ಲ, ಮಿಕ್ಕವರಿಗೆಲ್ಲ ತಿಳಿಸಿದರು. ಮುಂದಿನ ಸಂತೆಯ ಹೊತ್ತಿಗೆ ನನ್ನ ತಂಗಿ ಮಿಶ್ರಿ ಹಚ್ಚುವ ಹುಡುಗಿ ಎಂಬುದು ಕನಕಗಿರಿಯಿಂದ ತಾವರಗೇರಿಯ ತನಕ ಗೊತ್ತಾಗಿತ್ತು. ತಂಗಿ ಬೂದಿ ಹಾಕಿ ತಿಕ್ಕಿದಳು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದಳು, ನಿಂಬೆಹಣ್ಣು ಹಚ್ಚಿ ತಿಕ್ಕಿದಳು. ಒಸಡಿನಲ್ಲಿ ರಕ್ತ ಬಂತು, ಬಣ್ಣ ಹೋಗಲಿಲ್ಲ. ಒಂದು ಭಾನುವಾರ ನಾನು ಊರಿಗೆ ಹೋದಾಗ ಬಚ್ಚಲ ಹತ್ತಿರ ನಿಂತು ರಕ್ತ ಉಗುಳಿ ಹೇಳಿದಳು:

"ಅಣ್ಣಾ, ಲಗ್ನ ಆದರ ಆಗಲಿ, ಬಿಟ್ಟರ ಬಿಡಲಿ. ನಾ ಮಿಶ್ರಿ ಹಚ್ಚಿಲ್ಲ ಅಂತ ಒಬ್ಬ ಡಾಕ್ಟರ್ ಬಾಯಿಂದ ಹೇಳಸು. ಸಾಕು."

ಕೊಪ್ಪಳಕ್ಕೆ ಹೋದದ್ದು ಹೀಗೆ.

ಕೊಪ್ಪಳದ ಡಾಕ್ಟರು ಬ್ಯಾಟರಿ ಹಾಕಿ ಬಾಯಿ ನೋಡಿದರು. ಅಷ್ಟು ಜನ ನೋಡಿ ಹೋದ ಬಾಯಿಯನ್ನು ಅವರು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಸಿದರು.

"ಯಾ ಊರು?"

ಹೇಳಿದೆವು.

"ಬೋರಿಂಗ್ ನೀರು ಕುಡೀತೀರಿ?"

"ಹೌದ್ರಿ."

"ಫ್ಲೋರೋಸಿಸ್," ಎಂದು ಕೈ ತೊಳೆಯಲು ಎದ್ದರು.

"ಇದಕ್ಕ ಔಷಧ ಏನ್ರಿ ಸರ?" ಎಂದೆ.

"ಔಷಧ ಇಲ್ಲ. ಆ ನೀರು ಕುಡೀಬ್ಯಾಡ್ರಿ."

"ಬ್ಯಾರೆ ನೀರು ಇಲ್ಲಲ್ರಿ."

ಡಾಕ್ಟರು ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತ ನನ್ನನ್ನು ಮರುಕದಿಂದ ನೋಡಿದರು. ಇದು ವೈದ್ಯಶಾಸ್ತ್ರದ ಪ್ರಶ್ನೆಯಲ್ಲ ಎಂಬುದು ಅವರ ಮುಖದ ಮೇಲಿತ್ತು. ತಂಗಿ ಸ್ಟೂಲಿನಿಂದ ಏಳಲಿಲ್ಲ.

"ಸರ, ಮಿಶ್ರಿಯಿಂದ ಆದದ್ದು ಅಲ್ಲಲ್ರಿ?"

"ಮಿಶ್ರಿ? ಛೆ, ಅಲ್ಲಾ. ನೀರಿನ್ಯಾಗ ಫ್ಲೋರೈಡ್ ಅಂತ ಇರತೈತವ್ವಾ. ಸಣ್ಣವರಿದ್ದಾಗ ಕುಡದರ ಹಲ್ಲು ಹಿಂಗ ಆಕ್ಕಾವು. ದೊಡ್ಡವರು ಭಾಳ ವರ್ಷ ಕುಡದರ ಮೊಣಕಾಲು, ಬೆನ್ನು ಬಿಗೀತಾವು. ಹೋಗ್ರಿ ಇನ್ನ. ಯಾರದಾರ ಮುಂದ?"

ತಂಗಿ ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ನಕ್ಕಳು. ಸೆರಗು ಅಡ್ಡ ಹಿಡಿಯಲಿಲ್ಲ. ಖುಲಾಸೆಯಾದ ಕೈದಿ ಹಾಗೆ ನಗುತ್ತಾನೆಂದು ಕಾಣುತ್ತದೆ. ನಾನು ಮಾತ್ರ ಅವ್ವನ ಮೊಣಕಾಲು ನೆನೆಸಿಕೊಂಡು ನಿಂತಿದ್ದೆ. ಅವ್ವ ಕೆಲವು ವರ್ಷಗಳಿಂದ ನೆಲಕ್ಕೆ ಕೂತರೆ ಗೋಡೆ ಹಿಡಿದು ಏಳುತ್ತಿದ್ದಳು. ಮನೆಯಲ್ಲಿ ಅದನ್ನು ವಾಯು ಎನ್ನುತ್ತಿದ್ದೆವು.

ಬೋರಿಂಗಿನ ಇತಿಹಾಸವನ್ನು ಇಲ್ಲಿ ಹೇಳಬೇಕು. ನಾನು ಹುಡುಗನಾಗಿದ್ದಾಗ ಊರಿಗೆ ಇದ್ದದ್ದು ಒಂದು ಮೆಟ್ಟಿಲ ಬಾವಿ. ಅದರೊಳಗೆ ಕಾಲಿಟ್ಟು ಕೊಡ ತುಂಬಿ, ಅದೇ ನೀರು ಕುಡಿದು, ಊರಿನ ಅರ್ಧ ಜನಕ್ಕೆ ನಾರುಹುಣ್ಣು. ಕಾಲಿನಲ್ಲಿ ಗುಳ್ಳೆ ಎದ್ದು, ಒಡೆದು, ಅದರೊಳಗಿಂದ ದಾರದಂಥ ಹುಳ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಎಳೆಯಬೇಕು. ಅವಸರ ಮಾಡಿ ಹರಿದರೆ ಕಾಲು ಕೊಳೆಯುತ್ತಿತ್ತು. ನನ್ನ ಎಡಗಾಲಿನ ಹರಡಿನ ಮೇಲೆ ಅದರ ಕಲೆ ಈಗಲೂ ಇದೆ. ಎಪ್ಪತ್ತರ ದಶಕ ಕಣ್ಣು ಬಿಡುವ ಹೊತ್ತಿಗೆ ಸರ್ಕಾರದ ದೊಡ್ಡ ಲಾರಿ ಬಂದು, ನಮ್ಮ ಮನೆಯ ಎದುರಿನ ಬಯಲಿನಲ್ಲಿ ಭೂಮಿಗೆ ತೂತು ಹಾಕಿ, ಕೈಪಂಪು ನಿಲ್ಲಿಸಿ ಹೋಯಿತು. ಅದೇ ಬೋರಿಂಗು. ಕನ್ನಡಿಯಂಥ ನೀರು. ಹುಳವಿಲ್ಲ, ಪಾಚಿಯಿಲ್ಲ. ಊರು ಕಾಯಿ ಒಡೆದು ಅದಕ್ಕೆ ಕುಂಕುಮ ಹಚ್ಚಿತು. ನಾರುಹುಣ್ಣು ಹೋಯಿತು. ಇದು ಸುಳ್ಳಲ್ಲ. ತಂಗಿಗೆ ಆಗ ಹಾಲುಹಲ್ಲು. ಅವಳ ಹೊಸ ಹಲ್ಲುಗಳು ಆ ನೀರಿನಲ್ಲಿ ಬೆಳೆದವು. ನನ್ನವು ಅಷ್ಟರೊಳಗೆ ಬೆಳೆದು ಮುಗಿದಿದ್ದವು. ಸೋದರತ್ತೆಯ ಪ್ರಶ್ನೆಗೆ ಉತ್ತರ ಇಷ್ಟೇ: ಒಂದೇ ಮನೆ ಹೌದು, ಒಂದೇ ನೀರಲ್ಲ. ಅಣ್ಣನ ಕಾಲಿನ ಮೇಲೆ ಬಾವಿಯ ಸಹಿ, ತಂಗಿಯ ಹಲ್ಲಿನ ಮೇಲೆ ಬೋರಿಂಗಿನ ಸಹಿ.

ಬಸ್ಸಿಳಿದು ಮನೆಗೆ ಬಂದಾಗ ನನ್ನ ಸೋದರಮಾವ ಕಟ್ಟೆಯ ಮೇಲೆ ಕೂತಿದ್ದ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಮಿಡಲ್ ತನಕ ಓದಿದವನು. ಮುಂದೆ ತಾನಾಗಿಯೇ ಬೋರ್ಡುಗಳ ಮೇಲೆ ಕನ್ನಡ ಕಲಿತವನು. ಆದ್ದರಿಂದ ನಮ್ಮ ಮನೆತನದ ಭಾಷಾಶಾಸ್ತ್ರ ವಿಭಾಗಕ್ಕೆ ಅವನೇ ಮುಖ್ಯಸ್ಥ. ತಂಗಿ ಓಡಿಹೋಗಿ ಶಬ್ದವನ್ನು ಅವನ ಮುಂದೆ ಇಟ್ಟಳು.

"ಫ್ಲೋರು... ಫ್ಲೋರು..." ಎಂದು ಮಾವ ಕಣ್ಣು ಮುಚ್ಚಿದ. "ಈ ಶಬ್ದ ನಾ ಎಲ್ಲೋ ಓದೀನಿ. ಆಂ! ಗಿರಣಿ ಬೋರ್ಡಿನ ಮ್ಯಾಲ! ಫ್ಲೋರ್ ಮಿಲ್! ಫ್ಲೋರಂದ್ರ ಹಿಟ್ಟು. ಇದು ಗಿರಣಿ ಹಿಟ್ಟಿನ ರೋಗ ಐತಿ."

"ಮಾವಾ, ಡಾಕ್ಟರು ನೀರಿಂದ ಅಂದಾರ," ಎಂದೆ.

"ನೀರಿಗೆ ಇಂಗ್ಲಿಷಿನ್ಯಾಗ ಏನಂತಾರ ಅಳಿಯಾ?"

"ವಾಟರ್."

"ಡಾಕ್ಟರು ವಾಟರೋಸಿಸ್ ಅಂದಾರೇನು?"

"ಇಲ್ಲ."

"ಏನಂದಾರ?"

"ಫ್ಲೋರೋಸಿಸ್."

"ಮತ್ತ? ಇಂಗ್ಲಿಷ್ ಮಾಸ್ತರ ನೀನು, ಪಗಾರ ತಗೊಳಾಂವ ನೀನು, ನಾ ಹೇಳಿಕೊಡಬೇಕಾತಲ್ಲೋ!"

ವಾದ ಎಲ್ಲೂ ಸೋರುತ್ತಿರಲಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದದ್ದೂ ಬೋರಿಂಗು ಬಂದ ಕಾಲಕ್ಕೇ. ಅದಕ್ಕೂ ಮೊದಲು ಹೆಂಗಸರು ಜೋಳವನ್ನು ಮನೆಯ ಬೀಸುವ ಕಲ್ಲಿನಲ್ಲಿ ಬೀಸುತ್ತಿದ್ದರು. ಆಗ ಯಾರ ಹಲ್ಲೂ ಕಂದಾಗಿರಲಿಲ್ಲ. ಸಂಜೆಯ ಹೊತ್ತಿಗೆ ಮಾವನ ಸಿದ್ಧಾಂತ ಓಣಿ ದಾಟಿತು. ಮರುದಿನ ಊರಿನ ಮೂಲೆಮೂಲೆಯಿಂದ ಬೀಸುವ ಕಲ್ಲುಗಳು ಹೊರಬಂದವು. ಹೆಂಗಸರು ಕೈ ಬೊಬ್ಬೆ ಬರುವಂತೆ ಬೀಸಿದರು. ಆ ಹಿಟ್ಟನ್ನು ನಾದಲು ಬೋರಿಂಗಿನಿಂದ ಕೊಡಗಟ್ಟಲೆ ನೀರು ತಂದರು.

ಮುಂದಿನ ಸಲ ನಾನು ಊರಿಗೆ ಬಂದಾಗ ಗಿರಣಿಯವನು ನನ್ನನ್ನು ಬಸ್ಸಿನ ಬಾಗಿಲಲ್ಲೇ ಹಿಡಿದ.

"ಮಾಸ್ತರ, ನಿಮ್ಮ ತಂಗಿ ಹಲ್ಲು ತೊಳಿಯಾಕ ನನ್ನ ಹೊಟ್ಟಿ ಮ್ಯಾಲ ಯಾಕ ಕಲ್ಲು ಹಾಕೀರಿ?"

"ನಾ ಹಾಕಿಲ್ಲಪ್ಪ. ಅದು ನೀರಿನ ರೋಗ. ಹಿಟ್ಟಿಗೂ ಅದಕ್ಕೂ ಸಂಬಂಧ ಇಲ್ಲ."

"ಸಂಬಂಧ ಇಲ್ಲಂದ್ರ ನನ್ನ ಬೋರ್ಡಿನ ಹೆಸರು ರೋಗಕ್ಕ ಯಾಕ ಇಟ್ಟಾರ?"

ಉತ್ತರಕ್ಕೆ ಅವನು ಕಾಯಲಿಲ್ಲ. ಪೇಂಟು ತಂದು ಬೋರ್ಡಿನ ಮೇಲಿನ "ಫ್ಲೋರ್" ಅಳಿಸಿದ. ಬರೀ "ಮಿಲ್" ಉಳಿಯಿತು. ಹೆಂಗಸರ ಕೈಗಳು ಅಷ್ಟರಲ್ಲಿ ಸೋತಿದ್ದವು. ಶಬ್ದ ಹೋದ ಮೇಲೆ ರೋಗವೂ ಹೋಗಿರಬೇಕೆಂದು ಒಪ್ಪಿಕೊಂಡು ಎಲ್ಲರೂ ಜೋಳದ ಬುಟ್ಟಿ ಹೊತ್ತು ಗಿರಣಿಗೆ ವಾಪಸು ಬಂದರು. ಇಷ್ಟು ದೊಡ್ಡ ಗಲಾಟೆಯಲ್ಲಿ ಬೋರಿಂಗಿನ ಕಡೆ ಒಬ್ಬರೂ ಬೆರಳು ತೋರಿಸಲಿಲ್ಲ. ಹುಳದ ನೀರು ಕುಡಿದು ಬದುಕಿದವರು ಕನ್ನಡಿಯಂಥ ನೀರನ್ನು ಹೇಗೆ ಅನುಮಾನಿಸುತ್ತಾರೆ?

ನಾನು ಮಾತ್ರ ಗಿರಣಿಯವನ ಪ್ರಶ್ನೆಯನ್ನು ಕುಷ್ಟಗಿಗೆ ಹೊತ್ತುಕೊಂಡು ಹೋದೆ. ರೋಗಕ್ಕೆ ಆ ಹೆಸರು ಯಾಕೆ? ನಮ್ಮ ಶಾಲೆಯ ಕಪಾಟಿನಲ್ಲಿ ಒಂದು ದಪ್ಪ ಇಂಗ್ಲಿಷ್ ನಿಘಂಟು ಇತ್ತು. ಗಾಳಿಗೆ ಕಿಟಕಿ ಬಡಿಯದಂತೆ ಒತ್ತು ಕೊಡುವುದು ಅದರ ದಿನನಿತ್ಯದ ಕೆಲಸ. ಅಂದು ಅದಕ್ಕೆ ಬಹುಶಃ ಮೊದಲ ಸಲ ಓದುವ ಕೆಲಸ ಬಿತ್ತು. ಅದರಲ್ಲಿ ಕಂಡದ್ದು ಇದು. ಲ್ಯಾಟಿನ್ನಿನಲ್ಲಿ "ಫ್ಲುಎರೆ" ಎಂದರೆ ಹರಿಯುವುದು. ಹಿಂದೆ ಲೋಹ ಕರಗಿಸುವವರು ಒಂದು ಜಾತಿಯ ಕಲ್ಲನ್ನು ಕುಲುಮೆಗೆ ಹಾಕುತ್ತಿದ್ದರಂತೆ. ಅದು ಬಿದ್ದರೆ ಅದಿರು ಸಲೀಸಾಗಿ ಕರಗಿ ಹರಿಯುತ್ತಿತ್ತಂತೆ. ಹರಿಸುವ ಕಲ್ಲಾದ್ದರಿಂದ ಅದಕ್ಕೆ ಹರಿವಿನ ಹೆಸರು. ಕಲ್ಲಿನ ಹೆಸರು ಕಲ್ಲಿನೊಳಗಿನ ಧಾತುವಿಗೆ ಬಂತು. ಧಾತುವಿನ ಹೆಸರಿಗೆ ಹಿಂದಿನಿಂದ "ಓಸಿಸ್" ಎಂಬ ಗ್ರೀಕ್ ಬಾಲ ಜೋಡಿಸಿದರು. ಕೆಟ್ಟ ಸ್ಥಿತಿಗಳಿಗೆ ಜೋಡಿಸುವ ಬಾಲ ಅದು. ಲ್ಯಾಟಿನ್ ತಲೆ, ಗ್ರೀಕ್ ಬಾಲ, ನಡುವೆ ಕುಷ್ಟಗಿ ತಾಲೂಕಿನ ಹಲ್ಲು. ಒಟ್ಟು ಅರ್ಥ: ಹರಿಯುವ ಸ್ಥಿತಿ.

ನಿಘಂಟನ್ನು ಮತ್ತೆ ಕಿಟಕಿಗೆ ಒತ್ತು ಕೊಟ್ಟೆ. ಮೊಣಕಾಲು ಬಿಗಿದು ನಿಂತವರ ರೋಗಕ್ಕೆ ಹರಿವು ಎಂದು ಹೆಸರಿಟ್ಟವನು ನನ್ನ ಎದುರಿಗಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಪಾಪ, ಅವನು ಕುಲುಮೆಯನ್ನು ನೋಡಿದ್ದ, ನಮ್ಮ ಅವ್ವನನ್ನು ನೋಡಿರಲಿಲ್ಲ. ಆದರೆ ಅವ್ವನಂಥವರನ್ನು ನೋಡಿದ ಸರ್ಕಾರದವರೂ ಇದ್ದರಲ್ಲ. ನನ್ನ ಸಿಟ್ಟು ಅವರ ಮೇಲೆ. ನೀರಿನ ಕಚೇರಿಗೆ ಹೋಗಿ ಹೇಳಿದೆ. ಮತ್ತೆ ಹೋಗಿ ಹೇಳಿದೆ. ಕೊನೆಗೊಬ್ಬ ಸಾಹೇಬರು ನಮ್ಮೂರಿಗೆ ಬಂದು, ಗಾಜಿನ ಬಾಟಲಿಯಲ್ಲಿ ಬೋರಿಂಗ್ ನೀರು ಹಿಡಿದು, ಬಿಸಿಲಿಗೆ ಎತ್ತಿ ನೋಡಿದರು.

"ಎಷ್ಟು ತಿಳಿ ಐತಲ್ರಿ ಮಾಸ್ತರ! ಇನ್ನೇನು ಬೇಕು ನಿಮಗ?"

"ತಿಳಿ ಐತ್ರಿ. ಆದ್ರ ಅದರಾಗ ಫ್ಲೋರೈಡ್ ಐತ್ರಿ."

"ಅದು ಕಣ್ಣಿಗೆ ಕಾಣಂಗಿಲ್ರಿ," ಎಂದರು ಸಾಹೇಬರು, ಕಾಣದ ವಸ್ತು ತಮ್ಮ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲವೆಂಬಂತೆ. ಬಾಟಲಿ ಜೀಪಿನಲ್ಲಿ ಇಟ್ಟುಕೊಂಡು ಹೋದರು. ಆ ಬಾಟಲಿ ಇನ್ನೂ ತಿರುಗಿ ಬಂದಿಲ್ಲ.

ಇತ್ತ ಗಂಗಾವತಿ ಕಡೆಯಿಂದ ಇನ್ನೊಂದು ಸಂಬಂಧ ಬಂತು. ಶ್ರೀರಾಮನಗರದ ಆಚೆಗಿನ ಕಾಲುವೆ ಊರು, ಎರಡು ಬೆಳೆ ಭತ್ತ, ಮನೆ ಮುಂದೆ ಟ್ರ್ಯಾಕ್ಟರು. ನೋಡಲು ಬರುವ ಮೊದಲೇ ಮಾವ ತನ್ನ ಹಿಟ್ಟಿನ ಸಿದ್ಧಾಂತ ಬದಿಗಿಟ್ಟು ಅವರಿಗೆ ಸ್ಪಷ್ಟ ಮಾಡಿ ಬಂದಿದ್ದ: ನಮ್ಮ ಹುಡುಗಿ ಮಿಶ್ರಿ ಹಚ್ಚುವುದಿಲ್ಲ, ಡಾಕ್ಟರೇ ಹೇಳ್ಯಾರ, ಅದು ನೀರಿನ ರೋಗ. ಚಟದಿಂದ ಅವಳನ್ನು ಬಿಡಿಸಿ ತಂದು ರೋಗಕ್ಕೆ ಒಪ್ಪಿಸಿದ್ದೇನೆ ಎಂಬುದು ಅವನ ಗಮನಕ್ಕೇ ಬಂದಿರಲಿಲ್ಲ.

ಗಂಗಾವತಿಯವರು ಟ್ರ್ಯಾಕ್ಟರಿನಲ್ಲಿ ಬಂದರು. ಇಳಿಯುವಾಗ ಹುಡುಗನ ಅಪ್ಪ, ಹೊಟ್ಟೆ ತುಂಬಿದ ಹಿರಿಯ, ಒಂದು ಪ್ಲಾಸ್ಟಿಕ್ ಕ್ಯಾನು ಕೈಯಲ್ಲಿ ಹಿಡಿದು ಇಳಿದರು. ತಂಗಿ ಎಂದಿನಂತೆ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು. ಮನೆಗೆ ಬಂದವರಿಗೆ ಮೊದಲು ನೀರು ಕೊಡುವುದು, ಬಂದವರು ಒಂದು ಗುಟುಕಾದರೂ ಕುಡಿಯುವುದು ನಮ್ಮಲ್ಲಿ ನಡೆದು ಬಂದದ್ದು. ವೈರಿಯಾದರೂ ನೀರಿಗೆ ಬೇಡ ಅನ್ನುವುದಿಲ್ಲ. ಹಿರಿಯರು ತಂಬಿಗೆಯನ್ನು ಬೆರಳಿನಿಂದ ದೂರ ತಳ್ಳಿದರು.

"ಬ್ಯಾಡ್ರಿ. ನಾವು ನೀರು ತಂದೀವಿ. ಕಾಲುವಿ ನೀರು."

ಕ್ಯಾನಿನ ಮುಚ್ಚಳ ತೆಗೆದು ಎಲ್ಲರೂ ಒಬ್ಬೊಬ್ಬರಾಗಿ ಎತ್ತಿ ಕುಡಿದರು. ಹಿಂದೆ ಅದರಲ್ಲಿ ಟ್ರ್ಯಾಕ್ಟರಿನ ಎಣ್ಣೆ ತುಂಬಿರಬೇಕು. ವಾಸನೆ ನಮ್ಮ ತನಕ ಬಂತು. ಆ ಕಾಲುವೆಯಲ್ಲಿ ಎಮ್ಮೆ ಮಲಗುವುದನ್ನು, ಟ್ರ್ಯಾಕ್ಟರು ತೊಳೆಯುವುದನ್ನು ನಾನೇ ಕಂಡಿದ್ದೇನೆ. ಆದರೆ ಅದನ್ನು ಕುಡಿದವರ ಹಲ್ಲು ಮಾತ್ರ ಬೆಳ್ಳಗಿದ್ದವು. ಅಪ್ಪ ತಲೆ ತಗ್ಗಿಸಿದ. ತನ್ನ ಮನೆಯ ನೀರು ಬೇಡವೆಂದದ್ದನ್ನು ಅಪ್ಪ ಅದುವರೆಗೆ ಕಂಡಿರಲಿಲ್ಲ.

ತಂಗಿ ತಂಬಿಗೆ ತೆಗೆದುಕೊಂಡು ಒಳಗೆ ಹೋದಳು. ಮಿರ್ಚಿ ಬಂತು, ಮಂಡಕ್ಕಿ ಬಂತು, ಹಿಂದಿನಿಂದ ಚಹಾ ಬಂತು. ಶುಂಠಿ ಜಜ್ಜಿ ಹಾಕಿದ ದಟ್ಟ ಚಹಾ. ಮಿರ್ಚಿಯ ಖಾರಕ್ಕೆ ಹಿರಿಯರ ಮೂಗಿನಲ್ಲಿ ನೀರಿಳಿಯುತ್ತಿತ್ತು. ಬಸಿಗೆ ಸುರುವಿಕೊಂಡು ಸೊರ್ರನೆ ಹೀರಿದರು.

"ಆಹಾ! ಚಾ ಭಾಳ ಛಲೋ ಆಗೇತಿ. ಇನ್ನೊಂದ ಕಪ್ ಹಾಕವ್ವಾ."

ತಂಗಿ ಹಾಕಿದಳು. ಅದನ್ನೂ ಕುಡಿದರು. ಖಾಲಿ ಬಸಿ ಕೆಳಗಿಡುವಾಗ ತಂಗಿ ನೆಲ ನೋಡುತ್ತ ವಿನಯದಿಂದ ಕೇಳಿದಳು:

"ಯಜಮಾನ್ರ, ಚಾ ಯಾ ನೀರಾಗ ಕಾಸೀರಿ ಅಂತ ಕೇಳಲಿಲ್ಲಲ್ರಿ?"

ಹಿರಿಯರ ಕೈ ಬಸಿಯ ಮೇಲೇ ನಿಂತಿತು. ಹುಡುಗ ತನ್ನ ಕಪ್ಪಿನೊಳಗೆ ಇಣುಕಿದ. ಜೊತೆಗೆ ಬಂದವರಲ್ಲೊಬ್ಬ ಎದ್ದು ಬಾಗಿಲಿಗೆ ಹೋಗಿ ಉಗುಳಿದ. ಒಳಗೆ ಹೋದ ಚಹಾ ಉಗುಳಿದರೆ ಬರುತ್ತದೆಯೇ? ಆಗ ತಂಗಿ ನಕ್ಕಳು. ಮೊದಲು ತಡೆದು, ಆಮೇಲೆ ತಡೆಯಲಾರದೆ, ಪಡಸಾಲೆ ತುಂಬುವಂತೆ ನಕ್ಕಳು.

"ಹೆಣ್ಣ ಹುಡುಗಿಗೆ ಇಷ್ಟು ಬಾಯಿ ಇರಬಾರದು," ಎಂದು ಹಿರಿಯರು ಎದ್ದರು.

"ಬಾಯಿ ನೋಡಾಕಂತನ ಬಂದೀರಲ್ರಿ," ಎಂದಳು ತಂಗಿ. "ನೋಡ್ರಿ."

ಅವರು ನೋಡಲಿಲ್ಲ. ಟ್ರ್ಯಾಕ್ಟರು ಹೊಗೆ ಬಿಟ್ಟುಕೊಂಡು ಹೋಯಿತು. ಅವಸರದಲ್ಲಿ ಕ್ಯಾನು ನಮ್ಮ ಕಟ್ಟೆಯ ಮೇಲೆ ಮರೆತಿದ್ದರು. ಒಳಗೆ ಅವ್ವ ಒಲೆಯ ಮುಂದೆ ಅಳುತ್ತಿದ್ದಳು. ಮಾವ ಹಣೆ ಬಡಿದುಕೊಂಡ.

"ಮುಗೀತವ್ವಾ ನಿನ್ನ ಕಥಿ. ಇನ್ನ ಯಾರು ಬರತಾರ ನಿನ್ನ ನೋಡಾಕ?"

"ಬರೋದು ಬ್ಯಾಡ ಮಾವಾ. ಇನ್ನ ಮ್ಯಾಲ ನಾ ನೋಡತೀನಿ. ಯಾರರ ಬರತೀವಿ ಅಂದ್ರ, ಅವರ ಮನ್ಯಾಗ ಹಾಲಹಲ್ಲು ಬಿದ್ದು ಹೊಸ ಹಲ್ಲು ಬಂದ ಕೂಸು ಒಂದ ಇರತೈತಲ್ಲ, ಅದನ್ನ ಕರಕೊಂಡು ಬರ್ರಿ ಅನ್ನು."

"ಕೂಸು ಯಾಕವ್ವಾ?"

"ವರನ ಹಲ್ಲು ತಗೊಂಡು ನಾ ಏನ ಮಾಡಲಿ? ಅಂವ ಯಾವ ಕಾಲದ ನೀರು ಕುಡದು ಬೆಳದಾನೋ ಏನೋ. ನನ್ನ ಮಕ್ಕಳು ಕುಡಿಯೂ ನೀರು ಈಗಿನ ಕೂಸಿನ ಬಾಯಾಗ ಕಾಣತೈತಿ."

ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದ ಸಾಹೇಬರಿಗೆ ಈ ಮಾತು ಕೇಳಿಸಬೇಕೆಂದು ನನಗೆ ಬಹಳ ಅನಿಸಿತು. ಮಾವ ಮಾತ್ರ ಇದು ಲೋಕದಲ್ಲಿ ಎಲ್ಲೂ ಇಲ್ಲದ ಪದ್ಧತಿ ಎಂದು ವರ್ಷವಿಡೀ ಬೈದುಕೊಂಡು ತಿರುಗಿದ. ಬೈಯುತ್ತಲೇ ಹೋದಲ್ಲೆಲ್ಲ ಹೇಳಿಯೂ ಹೇಳಿದ. ಹಲವರು ನಕ್ಕರು. ಕೆಲವರು ಹುಡುಗಿಗೆ ತಲೆ ಕೆಟ್ಟಿದೆ ಎಂದರು. ಅದಕ್ಕೂ ಒಂದು ಲ್ಯಾಟಿನ್ ಹೆಸರು ಇದ್ದೇ ಇರುತ್ತದೆ.

ಕೊನೆಗೆ ಕೊಪ್ಪಳದ ಕೆಳಗೆ ತುಂಗಭದ್ರೆಯ ದಂಡೆಯ ಒಂದು ಸಣ್ಣ ಊರಿನಿಂದ ಒಬ್ಬ ತಾಯಿ, ಮಗನ ಜೊತೆಗೆ ಮೊಮ್ಮಗಳನ್ನೂ ಕರೆದುಕೊಂಡು ಬಂದಳು. ಅವರದು ದೊಡ್ಡ ಹೊಲಮನೆಯಲ್ಲ. ಹೊಳ್ಳಿ ಹೊಳ್ಳಿ ನಗುವ ಹೆಂಗಸು. ಬಂದವಳೇ ತಂಬಿಗೆ ಎತ್ತಿ ನೀರು ಕುಡಿದು, "ಎಲ್ಲಿ ಅದಾಳವ್ವಾ ನಿಮ್ಮ ಹುಡುಗಿ? ಪರೀಕ್ಷಾಕ್ಕ ನಮ್ಮ ಮೊಮ್ಮಗಳು ತಯಾರಾಗಿ ಬಂದಾಳ," ಎಂದಳು.

ತಂಗಿ ಆ ಕೂಸನ್ನು ಎದುರಿಗೆ ಕೂಡಿಸಿಕೊಂಡು ಕೈಯಲ್ಲಿ ಶೇಂಗಾ ಉಂಡೆ ಇಟ್ಟಳು.

"ಈ ಅನ್ನು, ನೋಡೂಣು."

"ಈ..."

"ಯಾ ನೀರು ಕುಡೀತೀ ನೀ?"

"ಹೊಳಿ ನೀರು. ಅಜ್ಜಿ ಸೋಸಿ ಕೊಡತಾಳ."

ಮುಂದಿನ ಎರಡು ಹಲ್ಲು ಅರ್ಧ ಬಂದಿದ್ದವು. ಅಂಚು ಗರಗಸದ ಹಾಗೆ, ಬಣ್ಣ ಹಾಲಿನ ಹಾಗೆ. ತಂಗಿ ಕೂಸಿನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಅವಳ ಕಣ್ಣು ತುಂಬಿದ್ದನ್ನು ಕಂಡು ಕೂಸು ಬಾಯಿ ಮುಚ್ಚಿಕೊಂಡಿತು.

"ಆಗಲಿ," ಎಂದಳು ತಂಗಿ.

"ಯವ್ವಾ, ನನ್ನ ಮಗನೂ ಬಂದಾನ," ಎಂದಳು ಆ ತಾಯಿ. "ಅಂವನ್ನೂ ಒಂದೀಟು ನೋಡು."

ಮದುವೆ ನಮ್ಮ ಮನೆಯ ಮುಂದೆಯೇ ಆಯಿತು. ಅದಕ್ಕೆ ಸ್ವಲ್ಪ ಮುಂಚೆ ನೀರಿನ ಕಚೇರಿಯ ಒಬ್ಬ ಮನುಷ್ಯ ಡಬ್ಬಿ, ಬ್ರಷ್ಷು ಹಿಡಿದು ಬಂದು ಬೋರಿಂಗಿಗೆ ಬುಡದಿಂದ ಹಿಡಿಕೆಯ ತನಕ ಕೆಂಪು ಬಣ್ಣ ಬಳಿದು, "ಈ ನೀರು ಕುಡೀಬಾರದು," ಎಂದು ಹೇಳಿ ಹೊರಟ. ಮತ್ತೆ ಯಾವ ನೀರು ಕುಡಿಯಬೇಕೆಂದು ನಾನು ಬೆನ್ನು ಹತ್ತಿ ಕೇಳಿದೆ. "ಅದು ನಮಗ ಹೇಳಿಲ್ರಿ," ಎಂದ. ಬಣ್ಣಕ್ಕೆ ಕಳಿಸಿದ್ದರು, ನೀರಿಗೆ ಕಳಿಸಿರಲಿಲ್ಲ. ಮೊದಲು ಒಂದು ಶಬ್ದ ಕೊಟ್ಟಿದ್ದರು, ಈಗ ಒಂದು ಬಣ್ಣ ಕೊಟ್ಟರು. ಬಣ್ಣ ಒಣಗುವ ತನಕ ಹೆಂಗಸರು ಕೊಡ ಇಟ್ಟುಕೊಂಡು ಕಾದರು. ಒಣಗಿದ ಮೇಲೆ ನೀರು ತುಂಬಿಕೊಂಡು ಹೋದರು.

"ಲಗ್ನದ ಮನಿ ಮುಂದ ಛಲೋ ಕಾಣತೈತಿ ಬಿಡು," ಎಂದಳು ಅವ್ವ.

"ಸರ್ಕಾರದ ಮುಯ್ಯಿ ಅದು," ಎಂದ ಮಾವ. "ಎಲ್ಲಾರಕಿಂತ ಮೊದಲ ಬಂದು ಮಾಡಿ ಹೋಗೇತಿ."

ನಾನು ನಗಲಿಲ್ಲ. ಇವತ್ತಿಗೂ ಅದನ್ನು ನೆನೆಸಿಕೊಂಡು ನಗಲು ನನಗೆ ಆಗಿಲ್ಲ.

ಗಂಡನ ಮನೆಗೆ ಕಳಿಸುವ ಹೊತ್ತು ಬಂತು. ತಂಗಿಯ ಉಡಿ ತುಂಬಿದರು. ಅವಳು ಅಪ್ಪನ ಕಾಲಿಗೆ ಬಿದ್ದಳು, ಅಪ್ಪ ಹಿಡಿದೆತ್ತಿದ. ಅವ್ವನ ಕಾಲಿಗೆ ಬಿದ್ದಳು. ಅವ್ವ ಬಗ್ಗಿ ಮಗಳ ತೋಳು ಹಿಡಿದು ಎತ್ತಬೇಕು. ಹಾಗೆ ಎತ್ತುವ ತನಕ ಮಗಳು ಏಳುವುದಿಲ್ಲ. ಅವ್ವ ಬಾಗಿಲ ಚೌಕಟ್ಟು ಹಿಡಿದಳು, ಕಂಬದಂತೆ ನಿಂತ ಬೆನ್ನನ್ನು ಅಷ್ಟು ಇಷ್ಟು ಬಾಗಿಸಿದಳು. ಚಾಚಿದ ಕೈ ಮಗಳ ತಲೆಯ ಮೇಲಿನ ಗಾಳಿಯಲ್ಲೇ ನಿಂತಿತು. ಮತ್ತೊಮ್ಮೆ ಪ್ರಯತ್ನ ಮಾಡಿದಳು. ಮೊಣಕಾಲು ಲಟಕ್ಕೆಂದದ್ದು ಹತ್ತಿರ ನಿಂತವರಿಗೆಲ್ಲ ಕೇಳಿಸಿತು. ತಂಗಿ ನೆಲಕ್ಕೆ ಹಣೆ ಹಚ್ಚಿಕೊಂಡು ಕಾಯುತ್ತಿದ್ದಳು.

"ಏಳವ್ವಾ," ಎಂದಳು ಅವ್ವ. "ನೀನ ಏಳು. ನನ್ನ ಕೈಲೆ ಆಗವಲ್ದು."

ತಂಗಿ ತಾನೇ ಎದ್ದು, ಅವ್ವನ ಚಾಚಿದ ಕೈಗಳನ್ನು ತನ್ನ ಹೆಗಲ ಮೇಲೆ ಎಳೆದುಕೊಂಡಳು. ಎದುರಿನ ಬಯಲಿನಲ್ಲಿ ಬೀಗರ ಊಟದ ಹಂಡೆ ತೊಳೆಯಲು ಯಾರೋ ಕೆಂಪು ಬೋರಿಂಗನ್ನು ಹೊಡೆಯುತ್ತಿದ್ದರು. ನೀರು ಧಾರಾಳವಾಗಿ ಹರಿಯುತ್ತಿತ್ತು.